ಮುಂಬೈ ಫ್ಲ್ಯಾಟ್‌ಗೆ ಹಾಟ್ ಟಬ್ ತರುವ ಆಸೆಯೇ? ಟಬ್‌ನ ಬೆಲೆ ನೋಡುವ ಮೊದಲು ಈ ಲೆಕ್ಕ ಹಾಕಿ

ಮುಂಬೈ: ಬೆಳಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಸಂಜೆ ಅದೇ ನೂಕುನುಗ್ಗಲಿನಲ್ಲಿ ನಿಂತು ಮರಳುವವರಿಗೆ ಮನೆಯಲ್ಲೇ ಬಿಸಿನೀರಿನ ತೊಟ್ಟಿಯೊಂದಿದ್ದರೆ ಎಂಬ ಆಸೆ ಬರುವುದು ಸಹಜ. ಮಂಡಿನೋವು, ಬೆನ್ನುನೋವಿರುವ ಅಪ್ಪ-ಅಮ್ಮನಿಗೆ ಅನುಕೂಲವಾಗಲಿ ಎಂದು ಯೋಚಿಸುವವರೂ ಇದ್ದಾರೆ. ಹಿಂದೆ ಪಂಚತಾರಾ ಹೋಟೆಲ್‌ಗಳಿಗೆ ಸೀಮಿತವಾಗಿದ್ದ ಹಾಟ್ ಟಬ್ ಈಗ ಆನ್‌ಲೈನ್‌ನಲ್ಲೂ ಸಿಗುತ್ತದೆ. ಕಂತಿನಲ್ಲಿ ಕೊಳ್ಳುವ ಅವಕಾಶವೂ ಇದೆ.

ಆದರೆ ಜಾಹೀರಾತಿನಲ್ಲಿ ಕಾಣುವ ಬೆಲೆ ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ನೆಲ ಎಷ್ಟು ಭಾರ ತಡೆಯುತ್ತದೆ, ಸೊಸೈಟಿ ಒಪ್ಪುತ್ತದೆಯೇ, ನೀರು ಎಲ್ಲಿಂದ ಬರುತ್ತದೆ, ಕೆಳಗಿನ ಮನೆಯ ಸೀಲಿಂಗ್‌ಗೆ ಸೋರಿದರೆ ಯಾರು ಹೊಣೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ಟಬ್ ಬುಕ್ ಮಾಡಿದರೆ ಹಣವೂ ಹೋಗುತ್ತದೆ, ನೆರೆಹೊರೆಯ ನೆಮ್ಮದಿಯೂ ಹೋಗುತ್ತದೆ. ಮುಂಬೈ ಮತ್ತು ಉಪನಗರಗಳ ಮನೆಗಳನ್ನು ಗಮನದಲ್ಲಿಟ್ಟುಕೊಂಡು ಬಜೆಟ್ ಹಾಕುವುದು ಹೇಗೆ ಎಂಬ ಮಾಹಿತಿ ಇಲ್ಲಿದೆ.

ಹಾಟ್ ಟಬ್, ಜಕೂಝಿ, ಬಾತ್‌ಟಬ್: ವ್ಯತ್ಯಾಸವೇನು?

ಅಂಗಡಿಯಲ್ಲಿ ಈ ಮೂರೂ ಹೆಸರುಗಳನ್ನು ಬೆರೆಸಿ ಬಳಸುತ್ತಾರೆ. ನಿಮಗೆ ಯಾವುದು ಬೇಕೆಂದು ಮೊದಲು ತೀರ್ಮಾನಿಸಿ.

* ಬಾತ್‌ಟಬ್: ಬಚ್ಚಲಿನಲ್ಲಿ ಕೂರಿಸುವ ಸಾಮಾನ್ಯ ತೊಟ್ಟಿ. ಪ್ರತಿ ಬಾರಿ ನೀರು ತುಂಬಿಸಿ, ಸ್ನಾನದ ನಂತರ ಹೊರಬಿಡಬೇಕು. ಸುಮಾರು 200 ಲೀಟರ್ ನೀರು ಬೇಕು.

* ವರ್ಲ್‌ಪೂಲ್ ಟಬ್: ಬಾತ್‌ಟಬ್‌ಗೆ ಪಂಪ್ ಮತ್ತು ಜೆಟ್‌ಗಳನ್ನು ಸೇರಿಸಿದರೆ ಇದಾಗುತ್ತದೆ. ನೀರು ರಭಸದಿಂದ ಚಿಮ್ಮಿ ಮೈಗೆ ಮಸಾಜ್ ಸಿಗುತ್ತದೆ. ಇದರಲ್ಲೂ ಸ್ನಾನದ ನಂತರ ನೀರು ಖಾಲಿ ಮಾಡಬೇಕು. ಫ್ಲ್ಯಾಟ್‌ಗಳಲ್ಲಿ ‘ಜಕೂಝಿ’ ಎಂದು ಕರೆಯುವುದು ಹೆಚ್ಚಾಗಿ ಇದನ್ನೇ.

* ಹಾಟ್ ಟಬ್ ಅಥವಾ ಸ್ಪಾ: ಹೀಟರ್, ಫಿಲ್ಟರ್, ಮುಚ್ಚಳ ಎಲ್ಲವೂ ಇರುವ ದೊಡ್ಡ ತೊಟ್ಟಿ. ನೀರನ್ನು ವಾರಗಟ್ಟಲೆ ಹಾಗೆಯೇ ಇಟ್ಟು, ಕ್ಲೋರಿನ್ ಹಾಕಿ ಶುದ್ಧವಾಗಿಡಬೇಕು. ನಾಲ್ಕು ಜನ ಕೂರುವ ಟಬ್‌ಗೆ ಸುಮಾರು 1,000 ಲೀಟರ್ ನೀರು ಬೇಕಾಗುತ್ತದೆ.

* ಗಾಳಿ ತುಂಬುವ ಟಬ್: ಎಲ್ಲಕ್ಕಿಂತ ಅಗ್ಗ. ಮಡಚಿ ಇಡಬಹುದು. ಆದರೆ ಇದಕ್ಕೂ 700ರಿಂದ 1,000 ಲೀಟರ್ ನೀರು ಬೇಕು.

ಅಂದಹಾಗೆ, ಜಕೂಝಿ ಎಂಬುದು ಮೂಲತಃ ಒಂದು ಕುಟುಂಬದ ಹೆಸರು. ಇಟಲಿಯಿಂದ ಅಮೆರಿಕದ ಕ್ಯಾಲಿಫೋರ್ನಿಯಾಗೆ ವಲಸೆ ಹೋದ ಈ ಸಹೋದರರು ಪಂಪ್ ತಯಾರಿಸುತ್ತಿದ್ದರು. ಕುಟುಂಬದ ಮಗುವೊಂದಕ್ಕೆ ಸಂಧಿವಾತ ಬಂದಾಗ ಮನೆಯ ಬಾತ್‌ಟಬ್‌ನಲ್ಲೇ ಇಟ್ಟು ಬಳಸುವ ಪಂಪ್ ರೂಪಿಸಿದರು. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. ಜೆಟ್‌ಗಳನ್ನು ಟಬ್‌ನೊಳಗೇ ಜೋಡಿಸಿದ ಮಾದರಿ ಬಂದದ್ದು 1968ರಲ್ಲಿ. ಇಂದು ಆ ಬ್ರ್ಯಾಂಡ್ ಹೆಸರೇ ಎಲ್ಲ ಟಬ್‌ಗಳಿಗೂ ಅಂಟಿಕೊಂಡಿದೆ.

ಮೊದಲ ಲೆಕ್ಕ ಹಣದ್ದಲ್ಲ, ಭಾರದ್ದು

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅಂದರೆ 1,000 ಲೀಟರ್ ನೀರು ಒಂದು ಟನ್. ಅದಕ್ಕೆ ಟಬ್‌ನ ತೂಕ 200 ಕಿಲೋ, ಕೂರುವ ನಾಲ್ವರ ತೂಕ 280 ಕಿಲೋ ಸೇರಿಸಿದರೆ ಸುಮಾರು 1,480 ಕಿಲೋ ಆಗುತ್ತದೆ. 2 ಮೀಟರ್ ಉದ್ದ, 2 ಮೀಟರ್ ಅಗಲದ ಟಬ್ ಆದರೆ ಪ್ರತಿ ಚದರ ಮೀಟರ್‌ಗೆ 370 ಕಿಲೋ ಭಾರ ಬೀಳುತ್ತದೆ.

ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ ವಾಸದ ಮನೆಯ ಕೋಣೆ ಮತ್ತು ಬಚ್ಚಲಿನ ನೆಲವನ್ನು ವಿನ್ಯಾಸ ಮಾಡುವುದು ಪ್ರತಿ ಚದರ ಮೀಟರ್‌ಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ. ಬಾಲ್ಕನಿಗೆ ಇದು ಸುಮಾರು 300 ಕಿಲೋ. ತುಂಬಿದ ಹಾಟ್ ಟಬ್ ಎರಡನ್ನೂ ಮೀರುತ್ತದೆ.

ಬಾಲ್ಕನಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಲವು ಬಾಲ್ಕನಿಗಳು ಒಂದೇ ಬದಿಯ ಆಧಾರದ ಮೇಲೆ ಹೊರಚಾಚಿ ನಿಂತಿರುತ್ತವೆ. ಮುಂಬೈನ ಉಪ್ಪುಗಾಳಿ ಮತ್ತು ಮಳೆಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದ್ದರೆ ಅದು ಹೊರಗಿನಿಂದ ಕಾಣುವುದಿಲ್ಲ. ‘ಗಾಳಿ ತುಂಬುವ ಟಬ್ ತಾನೆ, ಹಗುರ’ ಎಂದು ಬಾಲ್ಕನಿಯಲ್ಲಿಟ್ಟು ನೀರು ತುಂಬುವುದು ಅಪಾಯಕಾರಿ. ಟಬ್ ಹಗುರವೇ ಇರಬಹುದು, ನೀರು ಹಗುರವಲ್ಲ.

ಬಚ್ಚಲಿನೊಳಗೆ ಕೂರಿಸುವ ಇಬ್ಬರ ವರ್ಲ್‌ಪೂಲ್ ಟಬ್‌ನ ಲೆಕ್ಕ ಸ್ವಲ್ಪ ಬೇರೆ. 250 ಲೀಟರ್ ನೀರು, 80 ಕಿಲೋ ಟಬ್, ಇಬ್ಬರು ಜನ ಸೇರಿ ಸುಮಾರು 470 ಕಿಲೋ. ಒಂದೂವರೆ ಮೀಟರ್ ಚೌಕದಲ್ಲಿ ಹರಡಿದರೆ ಪ್ರತಿ ಚದರ ಮೀಟರ್‌ಗೆ ಸುಮಾರು 210 ಕಿಲೋ. ಇದು ಮಿತಿಯ ಆಸುಪಾಸಿನಲ್ಲಿದೆ. ಆದರೆ ಟಬ್‌ನ ಕೆಳಗೆ ಇಟ್ಟಿಗೆ ಕಟ್ಟೆ, ಹೊಸ ಟೈಲ್ಸ್, ಸಿಮೆಂಟ್ ಬಂದರೆ ಆ ಭಾರವೂ ಸೇರುತ್ತದೆ. ಹೀಗಾಗಿ ಯಾವುದೇ ಟಬ್ ಇರಲಿ, ಸ್ಟ್ರಕ್ಚರಲ್ ಎಂಜಿನಿಯರ್ ಲಿಖಿತವಾಗಿ ಒಪ್ಪಿಗೆ ಕೊಡುವ ತನಕ ಅಡ್ವಾನ್ಸ್ ಕೊಡಬೇಡಿ. ಅಂಗಡಿಯವರ ‘ಏನೂ ಆಗಲ್ಲ ಸರ್’ ಎಂಬ ಮಾತು ಎಂಜಿನಿಯರ್ ವರದಿಗೆ ಸಮವಲ್ಲ.

ಕಟ್ಟಡದ ವಯಸ್ಸು ಎಷ್ಟು?

ಮುಂಬೈ ಮಹಾನಗರ ಪಾಲಿಕೆ ಕಾಯ್ದೆಯ 353ಬಿ ಕಲಂ ಪ್ರಕಾರ 30 ವರ್ಷ ದಾಟಿದ ಕಟ್ಟಡಗಳು ರಚನಾ ಸುಸ್ಥಿರತೆಯ ಪ್ರಮಾಣಪತ್ರ ಪಡೆಯಬೇಕು. ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ವರ್ಷ ಮೀರಿದ ಕಟ್ಟಡಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ನಡೆಯಬೇಕು. ನಿಮ್ಮ ಸೊಸೈಟಿಯ ಕೊನೆಯ ಆಡಿಟ್ ವರದಿಯನ್ನು ಕಾರ್ಯದರ್ಶಿಯಿಂದ ಕೇಳಿ ಪಡೆಯಿರಿ. ಕಂಬ, ತೊಲೆ, ಸ್ಲ್ಯಾಬ್ ದುರಸ್ತಿ ಆಗಬೇಕು ಎಂದು ಅದರಲ್ಲಿದ್ದರೆ ಟಬ್ ಯೋಚನೆಯನ್ನು ಅಲ್ಲಿಗೇ ಕೈಬಿಡಿ.

ಮನೆಯೊಳಗಿನ ನವೀಕರಣ ಖಾಸಗಿ ವಿಷಯ ಎಂದುಕೊಳ್ಳುವವರು 2017ರ ಜುಲೈ 25ನ್ನು ನೆನಪಿಸಿಕೊಳ್ಳಬೇಕು. ಅಂದು ಘಾಟ್‌ಕೋಪರ್ ಪಶ್ಚಿಮದಲ್ಲಿ ನಾಲ್ಕು ಮಹಡಿಯ ವಸತಿ ಕಟ್ಟಡ ಕುಸಿದು 17 ಮಂದಿ ಮೃತಪಟ್ಟರು. ನೆಲಮಹಡಿಯಲ್ಲಿ ನಡೆಯುತ್ತಿದ್ದ ನವೀಕರಣ ಕಾಮಗಾರಿಯೇ ಕಾರಣ ಎಂಬ ಆರೋಪ ಕೇಳಿಬಂದಿತ್ತು. ಅದಕ್ಕೂ ಬಾತ್‌ಟಬ್‌ಗೂ ಸಂಬಂಧವಿಲ್ಲ. ಆದರೆ ಒಂದು ಮನೆಯಲ್ಲಿ ಮಾಡುವ ಬದಲಾವಣೆಯ ಪರಿಣಾಮ ಇಡೀ ಕಟ್ಟಡದ ಮೇಲಾಗಬಹುದು ಎಂಬುದಕ್ಕೆ ಅದು ಉದಾಹರಣೆ. ಟಬ್‌ಗೆ ಜಾಗ ಮಾಡಲು ಗೋಡೆ ಒಡೆಯುವ ಮೊದಲು ಅದು ಭಾರ ಹೊರುವ ಗೋಡೆಯೇ ಎಂದು ತಿಳಿಯಲೇಬೇಕು.

ಇನ್ನೊಂದು ವಿಷಯ ರೀಡೆವಲಪ್‌ಮೆಂಟ್. ನಗರದ ಎಷ್ಟೋ ಹಳೆಯ ಸೊಸೈಟಿಗಳು ಬಿಲ್ಡರ್ ಜತೆ ಮಾತುಕತೆಯಲ್ಲಿವೆ. ಮೂರು ನಾಲ್ಕು ವರ್ಷದಲ್ಲಿ ಕಟ್ಟಡವೇ ನೆಲಸಮವಾಗುವುದಾದರೆ ಬಚ್ಚಲಿಗೆ ಹಾಕಿದ ಲಕ್ಷಗಳು ಅದರೊಂದಿಗೇ ಹೋಗುತ್ತವೆ. ಕಳಚಿದ ಟಬ್‌ಗೆ ಮರುಮಾರಾಟದ ಬೆಲೆ ತೀರಾ ಕಡಿಮೆ.

ಸೊಸೈಟಿ ಅನುಮತಿ ಕಡ್ಡಾಯ

ಫ್ಲ್ಯಾಟ್‌ನಲ್ಲಿ ಬದಲಾವಣೆ ಮಾಡುವ ಮೊದಲು ಆಡಳಿತ ಸಮಿತಿಯ ಲಿಖಿತ ಅನುಮತಿ ಪಡೆಯಬೇಕು ಎಂದು ಮಾದರಿ ಉಪವಿಧಿಗಳು ಹೇಳುತ್ತವೆ. ಅರ್ಜಿಯ ಜತೆ ಟಬ್‌ನ ಅಳತೆ, ತುಂಬಿದಾಗಿನ ತೂಕ, ಎಂಜಿನಿಯರ್ ಪತ್ರ, ನೀರಿನ ಮತ್ತು ವಿದ್ಯುತ್ ಸಂಪರ್ಕದ ನಕ್ಷೆ ಕೊಟ್ಟರೆ ಕೆಲಸ ಸುಲಭ. ಅನೇಕ ಸೊಸೈಟಿಗಳು ನವೀಕರಣಕ್ಕೆ ಮರುಪಾವತಿಯ ಠೇವಣಿ ಪಡೆಯುತ್ತವೆ, ಕೆಲಸದ ಸಮಯವನ್ನೂ ನಿಗದಿಪಡಿಸುತ್ತವೆ.

ಟೆರೇಸ್‌ನಲ್ಲಿ ಇಡಬಹುದೇ ಎಂದು ಕೇಳುವವರಿದ್ದಾರೆ. ಕಟ್ಟಡದ ಟೆರೇಸ್ ಎಲ್ಲ ಸದಸ್ಯರ ಸಾಮಾನ್ಯ ಜಾಗ. ಮೇಲಿನ ಮಹಡಿಯವರು ಎಂಬ ಕಾರಣಕ್ಕೆ ಅಲ್ಲಿ ಸ್ವಂತ ಟಬ್ ಇಡುವ ಹಕ್ಕು ಬರುವುದಿಲ್ಲ.

ಇನ್ನು ಸೋರಿಕೆ. ಟೆರೇಸ್‌ನಿಂದ ಇಳಿಯುವ ಮಳೆನೀರಿನ ಸೋರಿಕೆ ಸೊಸೈಟಿಯ ಹೊಣೆ. ಆದರೆ ಬಚ್ಚಲು, ಸಿಂಕ್‌ಗಳಿಂದ ಆಗುವ ಒಳಗಿನ ಸೋರಿಕೆಯ ದುರಸ್ತಿ ವೆಚ್ಚ ಸದಸ್ಯರದ್ದೇ. ಮುಂಬೈನ ಅನೇಕ ಬಚ್ಚಲುಗಳ ನೆಲ ತಗ್ಗಾಗಿದ್ದು, ಅದರಲ್ಲಿ ಇಟ್ಟಿಗೆ ಚೂರುಗಳ ‘ಬ್ರಿಕ್ ಬ್ಯಾಟ್ ಕೋಬಾ’ ತುಂಬಿರುತ್ತಾರೆ. ಟಬ್‌ಗಾಗಿ ನೆಲ ಒಡೆದಾಗ ಹಳೆಯ ವಾಟರ್‌ಪ್ರೂಫಿಂಗ್ ಹಾಳಾಗುತ್ತದೆ. ಅದನ್ನು ಪೂರ್ತಿಯಾಗಿ ಹೊಸದಾಗಿ ಮಾಡಿಸದಿದ್ದರೆ ಮೊದಲು ಗೊತ್ತಾಗುವುದು ಕೆಳಗಿನ ಮನೆಯವರಿಗೆ. ಕೆಲಸ ಮುಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ಬಚ್ಚಲಿನಲ್ಲಿ ನೀರು ನಿಲ್ಲಿಸಿ ಕನಿಷ್ಠ 24 ಗಂಟೆ ಪರೀಕ್ಷಿಸಿ. ಕೆಳಗಿನ ಮನೆಯವರಿಗೂ ತಿಳಿಸಿ, ಅವರ ಸೀಲಿಂಗ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ತಕರಾರು ಬಂದರೆ ಇಬ್ಬರಿಗೂ ಉಪಯೋಗ.

1.20 ಲಕ್ಷದ ಟಬ್‌ಗೆ ಒಟ್ಟು ಎಷ್ಟು? ಮಾದರಿ ಬಜೆಟ್

ಉಪನಗರದ 2 ಬಿಎಚ್‌ಕೆ ಮನೆಯ ಬಚ್ಚಲಿನಲ್ಲಿ ಇಬ್ಬರ ವರ್ಲ್‌ಪೂಲ್ ಟಬ್ ಕೂರಿಸುವುದಾದರೆ ಬಜೆಟ್ ಹೀಗಿರಬಹುದು. ಇವು ಲೆಕ್ಕದ ವಿಧಾನ ತೋರಿಸಲು ಹಾಕಿದ ಅಂದಾಜು ಮೊತ್ತಗಳು. ನಿಮ್ಮ ಕೊಟೇಶನ್‌ನ ಅಂಕಿಗಳನ್ನು ಇದೇ ಸಾಲುಗಳಲ್ಲಿ ತುಂಬಿಕೊಳ್ಳಿ.

* ಟಬ್, ಪಂಪ್, ಜೆಟ್ (ಜಿಎಸ್‌ಟಿ ಸೇರಿ): 1,20,000 ರೂ.
* ಸಾಗಣೆ, ಮೇಲಿನ ಮಹಡಿಗೆ ಏರಿಸುವ ಕೂಲಿ: 10,000 ರೂ.
* ಸ್ಟ್ರಕ್ಚರಲ್ ಎಂಜಿನಿಯರ್ ಭೇಟಿ ಮತ್ತು ಪತ್ರ: 10,000 ರೂ.
* ನೆಲ ಒಡೆಯುವುದು, ವಾಟರ್‌ಪ್ರೂಫಿಂಗ್, ಟೈಲ್ಸ್: 60,000 ರೂ.
* ಪ್ಲಂಬಿಂಗ್: 20,000 ರೂ.
* ಪ್ರತ್ಯೇಕ ವೈರಿಂಗ್, ಎಂಸಿಬಿ, ಆರ್‌ಸಿಸಿಬಿ, ಅರ್ಥಿಂಗ್: 15,000 ರೂ.
* ದೊಡ್ಡ ಗೀಸರ್: 20,000 ರೂ.
* ಕಟ್ಟಡ ತ್ಯಾಜ್ಯ ಸಾಗಣೆ: 5,000 ರೂ.

ಇಲ್ಲಿಗೆ 2,60,000 ರೂ. ಇದರ ಮೇಲೆ ಶೇ. 15ರಷ್ಟು, ಅಂದರೆ 39,000 ರೂ. ಅನಿರೀಕ್ಷಿತ ಖರ್ಚಿಗೆ ಇಡಿ. ಹಳೆಯ ಬಚ್ಚಲಿನ ನೆಲ ಒಡೆದ ಮೇಲೆ ತುಕ್ಕು ಹಿಡಿದ ಪೈಪ್ ಕಾಣುವುದು ಹೊಸದೇನಲ್ಲ. ಒಟ್ಟು 2,99,000 ರೂ. ಅಂದರೆ ಟಬ್‌ನ ಬೆಲೆಯ ಸುಮಾರು ಎರಡೂವರೆ ಪಟ್ಟು. ಸೊಸೈಟಿಯ ಠೇವಣಿ ಇದಕ್ಕೆ ಹೊರತು. ಅದು ವಾಪಸ್ ಬರುತ್ತದಾದರೂ ಅಷ್ಟು ದಿನ ಕೈಯಲ್ಲಿರಬೇಕು.

ಅಡ್ವಾನ್ಸ್ ಕೊಡುವ ಮೊದಲು ಒಂದು ಅಳತೆ ಟೇಪ್ ಹಿಡಿದು ಲಿಫ್ಟ್‌ನ ಬಾಗಿಲು, ಮೆಟ್ಟಿಲಿನ ತಿರುವು, ಮನೆಯ ಮುಂಬಾಗಿಲು, ಬಚ್ಚಲಿನ ಬಾಗಿಲು ಅಳೆಯಿರಿ. ಬಚ್ಚಲಿನ ಬಾಗಿಲು ಎರಡೂವರೆ ಅಡಿ ಇದ್ದರೆ ಇಬ್ಬರ ಟಬ್ ಒಳಗೆ ಹೋಗದೇ ಇರಬಹುದು. ಚೌಕಟ್ಟು ಕಿತ್ತು ಮತ್ತೆ ಕೂರಿಸುವ ಖರ್ಚು ಬಜೆಟ್‌ನಲ್ಲಿ ಇರುವುದಿಲ್ಲ. ಪಂಪ್ ಇರುವ ಬದಿಯಲ್ಲಿ ತೆಗೆದು ಹಾಕಬಹುದಾದ ಬಾಗಿಲು ಬಿಡಿಸುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಪಂಪ್ ಕೆಟ್ಟಾಗ ಟೈಲ್ಸ್ ಒಡೆಯಬೇಕಾಗುತ್ತದೆ.

ಈಗಿರುವ ಗೀಸರ್ ಸಾಲುವುದಿಲ್ಲ

ಟಬ್ ಕೊಂಡವರು ತಡವಾಗಿ ಗಮನಿಸುವ ಸಂಗತಿ ಇದು. ನಲ್ಲಿ ನೀರು 27 ಡಿಗ್ರಿ ಸೆಲ್ಸಿಯಸ್ ಇದ್ದು, ಗೀಸರ್ ನೀರು 60 ಡಿಗ್ರಿ ಇದ್ದರೆ, 38 ಡಿಗ್ರಿಯ ಸ್ನಾನದ ನೀರಿಗೆ ಮೂರನೇ ಒಂದು ಭಾಗ ಬಿಸಿನೀರು ಬೇಕು. 250 ಲೀಟರ್ ಟಬ್ ತುಂಬಲು ಸುಮಾರು 83 ಲೀಟರ್ ಬಿಸಿನೀರು ಬೇಕೆಂದಾಯಿತು. 25 ಲೀಟರ್ ಗೀಸರ್ ಒಂದು ಬಾರಿಗೆ ಟಬ್‌ಗೆ ಕೊಡುವುದು ಸುಮಾರು 75 ಲೀಟರ್ ಮಾತ್ರ. ಮತ್ತೆ ಕಾಯಲು ಪ್ರತಿ ಬಾರಿ ಸುಮಾರು ಅರ್ಧ ಗಂಟೆ. ಟಬ್ ತುಂಬುವಷ್ಟರಲ್ಲಿ ಮೊದಲು ಬಿಟ್ಟ ನೀರು ತಣ್ಣಗಾಗಿರುತ್ತದೆ.

ಹೀಗಾಗಿ 100 ಲೀಟರ್‌ನ ಗೀಸರ್ ಬೇಕು. ತುಂಬಿದಾಗ ಅದರ ತೂಕವೇ 100 ಕಿಲೋ ಮೀರುವುದರಿಂದ ತೆಳುವಾದ ನಾಲ್ಕಿಂಚಿನ ಗೋಡೆಗೆ ತೂಗುಹಾಕಬೇಡಿ. ಐಎಸ್‌ಐ ಗುರುತು ಮತ್ತು ಸ್ಟಾರ್ ರೇಟಿಂಗ್ ನೋಡಿ ಕೊಳ್ಳಿ. ಒಟ್ಟು ವಿದ್ಯುತ್ ಹೊರೆ ಹೆಚ್ಚಾದರೆ ಮಂಜೂರಾದ ಲೋಡ್ ಹೆಚ್ಚಿಸಲು ನಿಮ್ಮ ಪೂರೈಕೆದಾರರಿಗೆ ಅರ್ಜಿ ಕೊಡಬೇಕು. ನಗರ ಭಾಗದಲ್ಲಿ ಬೆಸ್ಟ್, ಉಪನಗರಗಳಲ್ಲಿ ಅದಾನಿ ಅಥವಾ ಟಾಟಾ ಪವರ್, ಮುಲುಂಡ್-ಭಾಂಡುಪ್ ಹಾಗೂ ಠಾಣೆ ಕಡೆ ಮಹಾವಿತರಣ ವಿದ್ಯುತ್ ಪೂರೈಸುತ್ತವೆ.

ತಿಂಗಳ ಖರ್ಚು ಎಷ್ಟು ಬರುತ್ತದೆ?

ಮುಂಬೈನಲ್ಲಿ ಚಳಿ ಕಡಿಮೆ ಇರುವುದರಿಂದ ನೀರು ಕಾಯಿಸುವ ಖರ್ಚು ಶೀತ ದೇಶಗಳಷ್ಟು ಬರುವುದಿಲ್ಲ. ಪ್ರತಿ ಯೂನಿಟ್‌ಗೆ 12 ರೂ. ಎಂದು ಇಟ್ಟುಕೊಂಡು ಲೆಕ್ಕ ಹಾಕೋಣ.

* ವರ್ಲ್‌ಪೂಲ್ ಟಬ್: 250 ಲೀಟರ್ ನೀರನ್ನು 11 ಡಿಗ್ರಿ ಹೆಚ್ಚು ಬಿಸಿ ಮಾಡಲು ಸುಮಾರು 3.2 ಯೂನಿಟ್ ಬೇಕು. ಗೀಸರ್‌ನ ನಷ್ಟ, ಪಂಪ್ ಸೇರಿ 4 ಯೂನಿಟ್ ಎನ್ನಿ. ವಾರಕ್ಕೆ ಎರಡು ಬಾರಿ, ತಿಂಗಳಿಗೆ 9 ಸ್ನಾನ ಎಂದರೆ 36 ಯೂನಿಟ್, ಸುಮಾರು 430 ರೂ. ನೀರು 2,250 ಲೀಟರ್.

* 1,000 ಲೀಟರ್ ಹಾಟ್ ಟಬ್: ಮೊದಲ ಬಾರಿ ಬಿಸಿ ಮಾಡಲು ಸುಮಾರು 13 ಯೂನಿಟ್. 3 ಕಿಲೋವ್ಯಾಟ್ ಹೀಟರ್‌ಗೆ ನಾಲ್ಕು ಗಂಟೆಗೂ ಹೆಚ್ಚು ಸಮಯ. ನಂತರ ಬಿಸಿ ಕಾಯ್ದುಕೊಳ್ಳಲು ಮತ್ತು ಫಿಲ್ಟರ್ ಓಡಿಸಲು ದಿನಕ್ಕೆ 5 ಯೂನಿಟ್ ಎಂದುಕೊಂಡರೆ ತಿಂಗಳಿಗೆ 1,800 ರೂ. ಮುಚ್ಚಳ ಸರಿಯಿಲ್ಲದಿದ್ದರೆ ಇದು ಇನ್ನೂ ಏರುತ್ತದೆ. ಇದರ ಮೇಲೆ ಕ್ಲೋರಿನ್, ಪರೀಕ್ಷೆಯ ಪಟ್ಟಿ, ಫಿಲ್ಟರ್ ಬದಲಾವಣೆಯ ಖರ್ಚು ಬೇರೆ.

ಬಳಕೆ ಹೆಚ್ಚಿದಂತೆ ವಿದ್ಯುತ್ ದರದ ಸ್ಲ್ಯಾಬ್ ಕೂಡ ಏರುತ್ತದೆ ಎಂಬುದು ನೆನಪಿರಲಿ. ತಿಂಗಳಿಗೆ 280 ಯೂನಿಟ್ ಬಳಸುವ ಮನೆ ಟಬ್ ಬಂದ ಮೇಲೆ 300 ದಾಟಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮುಂದಿನ ಸ್ಲ್ಯಾಬ್‌ನ ದರ ಬೀಳುತ್ತದೆ.

ನೀರು: ಹಣಕ್ಕಿಂತ ದೊಡ್ಡ ಪ್ರಶ್ನೆ

ಮುಂಬೈಗೆ ನೀರು ಬರುವುದು ಏಳು ಕೆರೆ-ಜಲಾಶಯಗಳಿಂದ: ಭಾತ್ಸಾ, ಅಪ್ಪರ್ ವೈತರಣಾ, ಮಿಡಲ್ ವೈತರಣಾ, ಮೋಡಕ್ ಸಾಗರ್, ತಾನ್ಸಾ, ವಿಹಾರ್ ಮತ್ತು ತುಳಸಿ. ಮುಂಗಾರು ತಡವಾದರೆ ನೀರು ಕಡಿತ ಬರುತ್ತದೆ. 2023ರ ಜುಲೈನಲ್ಲಿ ಪಾಲಿಕೆ ಶೇ. 10ರಷ್ಟು ಕಡಿತ ಮಾಡಿತ್ತು. 2024ರಲ್ಲಿ ಮೇ 30ರಿಂದ ಶೇ. 5, ಜೂನ್ 5ರಿಂದ ಶೇ. 10 ಕಡಿತ ಜಾರಿಗೆ ಬಂದಿತ್ತು. ಟ್ಯಾಂಕರ್ ನಂಬಿದ ಸೊಸೈಟಿಗಳಿಗೆ 2025ರ ಏಪ್ರಿಲ್‌ನ ಟ್ಯಾಂಕರ್ ಮುಷ್ಕರ ಇನ್ನೂ ನೆನಪಿರಬಹುದು.

ನಗರವಾಸಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ದೇಶದಲ್ಲಿ ಸಾಮಾನ್ಯವಾಗಿ ಬಳಸುವ ಮಾನದಂಡ. ಒಂದು ಟಬ್ ಸ್ನಾನಕ್ಕೆ ಹೋಗುವ 250 ಲೀಟರ್ ಇಬ್ಬರ ಒಂದು ದಿನದ ನೀರಿಗೆ ಹತ್ತಿರ. ಬಕೆಟ್ ಸ್ನಾನಕ್ಕೆ 20 ಲೀಟರ್ ಸಾಕು. ಹಲವು ಸೊಸೈಟಿಗಳಲ್ಲಿ ನೀರಿನ ಬಿಲ್ ಮನೆಗಳ ನಡುವೆ ಹಂಚಿಕೆಯಾಗುತ್ತದೆ, ಪ್ರತಿ ಮನೆಗೆ ಮೀಟರ್ ಇರುವುದಿಲ್ಲ. ಮೇ ತಿಂಗಳಲ್ಲಿ ಕೆಳಗಿನ ಮನೆಯ ನಲ್ಲಿ ಒಣಗಿದ್ದಾಗ ಮೇಲಿನ ಮನೆಯ ಟಬ್ ತುಂಬಿದರೆ ಮಹಾಸಭೆಯಲ್ಲಿ ಮಾತು ಬರದೇ ಇರುವುದಿಲ್ಲ. ಕಡಿತದ ದಿನಗಳಲ್ಲಿ ಟಬ್ ಬಳಸುವುದಿಲ್ಲ ಎಂದು ಅರ್ಜಿಯಲ್ಲೇ ಬರೆದುಕೊಡುವುದು ಜಾಣತನ.

ಬೋರ್‌ವೆಲ್ ಅಥವಾ ಟ್ಯಾಂಕರ್‌ನ ಗಡಸು ನೀರಾದರೆ ಹೀಟರ್ ಮತ್ತು ಜೆಟ್‌ಗಳಲ್ಲಿ ಬಿಳಿಪದರ ಕಟ್ಟುತ್ತದೆ. ಅದರ ಸರ್ವಿಸ್ ಖರ್ಚನ್ನೂ ವರ್ಷದ ಬಜೆಟ್‌ಗೆ ಸೇರಿಸಿ.

ನಿರ್ವಹಣೆ ಮತ್ತು ಆರೋಗ್ಯ: ಇಲ್ಲಿ ಉಳಿತಾಯ ಬೇಡ

ನೀರು ನಿಲ್ಲಿಸಿಡುವ ಹಾಟ್ ಟಬ್‌ನಲ್ಲಿ ಬೆಚ್ಚಗಿನ ನೀರು ಬ್ಯಾಕ್ಟೀರಿಯಾಗೆ ಹಿತವಾದ ಜಾಗ. ಲೀಜನೆಲ್ಲಾ ಶ್ವಾಸಕೋಶದ ಸೋಂಕು ತರಬಲ್ಲದು. ಸ್ಯೂಡೊಮೊನಾಸ್‌ನಿಂದ ಚರ್ಮದಲ್ಲಿ ಗುಳ್ಳೆಗಳೇಳುತ್ತವೆ. ಕ್ಲೋರಿನ್ ಕನಿಷ್ಠ 3 ಪಿಪಿಎಂ, ಪಿಎಚ್ 7.0ರಿಂದ 7.8ರೊಳಗೆ ಇರಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. 1,000 ಲೀಟರ್ ಟಬ್ ಅನ್ನು ದಿನಕ್ಕೆ ಇಬ್ಬರು ಬಳಸಿದರೆ ಸುಮಾರು ಆರು ವಾರಕ್ಕೊಮ್ಮೆ ಪೂರ್ತಿ ನೀರು ಬದಲಿಸಬೇಕು.

ಬಳಸದೆ ಬಿಟ್ಟ ಟಬ್‌ನಲ್ಲಿ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಪಾಲಿಕೆಯ ಕೀಟ ನಿಯಂತ್ರಣ ಸಿಬ್ಬಂದಿ ಮಳೆಗಾಲದಲ್ಲಿ ಮನೆಮನೆ ಪರಿಶೀಲಿಸಿ ನೋಟಿಸ್ ಕೊಡುವುದುಂಟು. ಊರಿಗೆ ಹೊರಟರೆ ಟಬ್ ಖಾಲಿ ಮಾಡಿ ಒಣಗಿಸಿ.

ಈ ಎಚ್ಚರಿಕೆಗಳು ಮನೆಯವರಿಗೆಲ್ಲ ಗೊತ್ತಿರಲಿ:

* ನೀರಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಒಂದು ಬಾರಿಗೆ 15 ನಿಮಿಷ ಸಾಕು.
* ಹೃದ್ರೋಗ, ರಕ್ತದೊತ್ತಡ, ಮಧುಮೇಹ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು.
* 5 ವರ್ಷದೊಳಗಿನ ಮಕ್ಕಳನ್ನು ಹಾಟ್ ಟಬ್‌ಗೆ ಇಳಿಸಬಾರದು. ಬೀಗ ಹಾಕಬಹುದಾದ ಮುಚ್ಚಳ ಇರಲಿ.
* ಮದ್ಯಪಾನ ಮಾಡಿ ಟಬ್‌ಗೆ ಇಳಿಯಬಾರದು.
* 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಪಂಪ್ ಚಾಲೂ ಮಾಡಬೇಡಿ. ಎಕ್ಸ್‌ಟೆನ್ಷನ್ ಬೋರ್ಡ್ ಬಳಸಲೇಬೇಡಿ.
* ನೀರು ಎಳೆಯುವ ರಂಧ್ರದ ಜಾಲರಿ ಮುರಿದಿದ್ದರೆ ಟಬ್ ಬಳಸಬೇಡಿ. ಕೂದಲು ಸಿಕ್ಕಿಕೊಳ್ಳುವ ಅಪಾಯವಿದೆ.

ವಯಸ್ಸಾದವರಿಗಾಗಿ ಕೊಳ್ಳುವವರು ಇನ್ನೊಂದು ವಿಷಯ ಯೋಚಿಸಬೇಕು. ಸುಮಾರು ಎರಡು ಅಡಿ ಎತ್ತರದ ಅಂಚನ್ನು ಒದ್ದೆ ಕಾಲಿನಲ್ಲಿ ದಾಟಿ ಇಳಿಯುವುದು, ಏಳುವುದು ಮಂಡಿನೋವಿರುವವರಿಗೆ ಸುಲಭವಲ್ಲ. ಹಿಡಿಕೆ ಮತ್ತು ಜಾರದ ಮೆಟ್ಟಿಲು ಹಾಕಿಸಿ. ಸಾಧ್ಯವಾದರೆ ಹೋಟೆಲ್ ಅಥವಾ ಷೋರೂಂನಲ್ಲಿ ಅವರನ್ನೇ ಒಮ್ಮೆ ಇಳಿಸಿ ನೋಡಿ, ಆಮೇಲೆ ತೀರ್ಮಾನಿಸಿ.

ಸಾಲವೇ, ಉಳಿತಾಯವೇ?

3 ಲಕ್ಷ ರೂ. ವೈಯಕ್ತಿಕ ಸಾಲವನ್ನು ಶೇ. 13ರ ಬಡ್ಡಿಗೆ 36 ತಿಂಗಳಿಗೆ ತೆಗೆದುಕೊಂಡರೆ ಕಂತು ತಿಂಗಳಿಗೆ ಸುಮಾರು 10,100 ರೂ. ಬಡ್ಡಿಯೇ ಸುಮಾರು 64,000 ರೂ. ಅದರ ಬದಲು ತಿಂಗಳಿಗೆ 8,000 ರೂ.ನಂತೆ ಆರ್‌ಡಿ ಕಟ್ಟಿದರೆ, ಶೇ. 6.5ರ ಬಡ್ಡಿಯಲ್ಲಿ ಮೂರು ವರ್ಷಕ್ಕೆ ಸುಮಾರು 3.19 ಲಕ್ಷ ರೂ. ಕೈಗೆ ಬರುತ್ತದೆ. ಆ ಮೂರು ವರ್ಷದಲ್ಲಿ ಆಸೆ ಉಳಿದಿದೆಯೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ.

‘ನೋ ಕಾಸ್ಟ್ ಇಎಂಐ’ ಎಂದರೂ ಪ್ರೊಸೆಸಿಂಗ್ ಶುಲ್ಕ ಎಷ್ಟು, ಪೂರ್ತಿ ಹಣ ಕೊಟ್ಟರೆ ಎಷ್ಟು ರಿಯಾಯಿತಿ ಸಿಗುತ್ತಿತ್ತು ಎಂದು ಕೇಳಿ. ಇನ್ನೊಂದು ಸಂಗತಿ, ಕಂತು ಸಿಗುವುದು ಸಾಮಾನ್ಯವಾಗಿ ಟಬ್‌ಗೆ ಮಾತ್ರ. ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್‌ಗೆ ನಗದನ್ನೇ ಕೊಡಬೇಕು. ಟಬ್ ಬಂದು ಹಾಲ್‌ನಲ್ಲಿ ಕೂತು, ಕೂರಿಸಲು ಹಣವಿಲ್ಲದೆ ಕಾಯುವ ಸ್ಥಿತಿ ಬರಬಾರದು. ಆಸ್ಪತ್ರೆ, ಶಿಕ್ಷಣದ ಖರ್ಚಿಗೆಂದು ಇಟ್ಟ ತುರ್ತು ನಿಧಿಗೆ ಕೈ ಹಾಕಬೇಡಿ.

ಬಾಡಿಗೆ ಮನೆಯಲ್ಲಿರುವವರು ಮತ್ತು ಊರಿನಲ್ಲಿ ಮನೆ ಇರುವವರು

11 ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಒಪ್ಪಂದದಲ್ಲಿರುವವರು ಶಾಶ್ವತವಾಗಿ ಕೂರಿಸುವ ಟಬ್‌ಗೆ ಹಣ ಹಾಕುವುದು ನಷ್ಟವೇ. ಮನೆ ಬಿಡುವಾಗ ಟಬ್ ಅಲ್ಲೇ ಉಳಿಯುತ್ತದೆ, ಬಚ್ಚಲನ್ನು ಮೊದಲಿನಂತೆ ಮಾಡಿಕೊಡಿ ಎಂದು ಮಾಲೀಕರು ಕೇಳಿದರೆ ಠೇವಣಿಯೂ ಹೋಗಬಹುದು.

ಉಡುಪಿ, ಮಂಗಳೂರು, ಕುಂದಾಪುರದ ಕಡೆ ಸ್ವಂತ ಮನೆ ಇರುವ ಮುಂಬೈ ಕನ್ನಡಿಗರಿಗೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. ನೆಲದ ಮೇಲೆ ಕಾಂಕ್ರೀಟ್ ಹಾಸಿ ಇಡುವ ಟಬ್‌ಗೆ ಸ್ಲ್ಯಾಬ್‌ನ ಭಯವಿಲ್ಲ, ಕೆಳಗಿನ ಮನೆಯ ಸೀಲಿಂಗ್ ಇಲ್ಲ, ಸೊಸೈಟಿಯ ಅರ್ಜಿ ಇಲ್ಲ. ಸೋಲಾರ್ ವಾಟರ್ ಹೀಟರ್ ಇದ್ದರೆ ವಿದ್ಯುತ್ ಖರ್ಚೂ ಇಳಿಯುತ್ತದೆ. ಆದರೆ ವರ್ಷಕ್ಕೆ ಎರಡು ಬಾರಿ ಹೋಗುವ ಮನೆಗೆ ಇಷ್ಟು ಹಣ ಬೇಕೇ, ನೀವಿಲ್ಲದಾಗ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳು ಉಳಿಯುತ್ತವೆ. ಬಚ್ಚಲ ಹಂಡೆಯ ನೀರು, ಮೈಗೆ ಎಣ್ಣೆ ಇದ್ದಲ್ಲಿ ದೀಪಾವಳಿಯ ಅಭ್ಯಂಜನಕ್ಕೆ ಬೇರೆ ಟಬ್ ಬೇಕಿಲ್ಲ ಎನ್ನುವವರೂ ಮನೆಯಲ್ಲಿರಬಹುದು!

ಕಡಿಮೆ ಖರ್ಚಿನ ಪರ್ಯಾಯಗಳು

* ಕಾಲು ಮುಳುಗಿಸುವ ಫುಟ್ ಸ್ಪಾ: ದಿನವಿಡೀ ನಿಂತು ದಣಿದವರಿಗೆ ಒಂದು ಬಕೆಟ್ ನೀರಿನಲ್ಲೇ ಆರಾಮ ಸಿಗುತ್ತದೆ.
* ಶವರ್ ಪ್ಯಾನೆಲ್: ಜೆಟ್ ಮಸಾಜ್ ಬೇಕೆನ್ನುವವರಿಗೆ ನಿಂತಲ್ಲೇ ಸಿಗುತ್ತದೆ. ನೆಲದ ಮೇಲೆ ಹೆಚ್ಚುವರಿ ಭಾರವಿಲ್ಲ.
* ಬಿಸಿನೀರಿನ ಬುಗ್ಗೆಗಳು: ಮುಂಬೈಗೆ ಹತ್ತಿರದಲ್ಲೇ, ತಾನ್ಸಾ ನದಿಯ ಬಳಿಯ ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿಯಲ್ಲಿ ನೈಸರ್ಗಿಕ ಬಿಸಿನೀರಿನ ಕುಂಡಗಳಿವೆ. ಒಂದು ದಿನದಲ್ಲಿ ಹೋಗಿ ಬರಬಹುದು.
* ಹೋಟೆಲ್ ಅಥವಾ ಸ್ಪಾ: ತಿಂಗಳಿಗೊಮ್ಮೆ 4,000 ರೂ. ಖರ್ಚು ಮಾಡಿದರೂ 3 ಲಕ್ಷ ರೂ. ಮುಗಿಯಲು ಆರು ವರ್ಷಕ್ಕೂ ಹೆಚ್ಚು ಬೇಕು.

ಅಡ್ವಾನ್ಸ್ ಕೊಡುವ ಮೊದಲು ಕೇಳಬೇಕಾದ 8 ಪ್ರಶ್ನೆಗಳು

1. ಬೆಲೆಯಲ್ಲಿ ಜಿಎಸ್‌ಟಿ, ಸಾಗಣೆ, ಅಳವಡಿಕೆ ಸೇರಿದೆಯೇ?
2. ನೀರು ಮತ್ತು ಜನ ಸೇರಿ ಒಟ್ಟು ತೂಕ ಎಷ್ಟು? ಬರೆದು ಕೊಡುತ್ತೀರಾ?
3. ಪಂಪ್, ಹೀಟರ್ ಮತ್ತು ಟಬ್‌ಗೆ ಪ್ರತ್ಯೇಕವಾಗಿ ಎಷ್ಟು ವರ್ಷ ವಾರಂಟಿ?
4. ಮುಂಬೈನಲ್ಲಿ ಸರ್ವಿಸ್ ಕೇಂದ್ರ ಇದೆಯೇ? ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ?
5. ಗಡಸು ನೀರಿನಿಂದ ಕೆಟ್ಟರೆ ವಾರಂಟಿ ಅನ್ವಯಿಸುತ್ತದೆಯೇ?
6. ಎಷ್ಟು ಕಿಲೋವ್ಯಾಟ್ ಲೋಡ್ ಬೇಕು?
7. ಟಬ್ ಬಾಗಿಲಿನಲ್ಲಿ ಹೋಗದಿದ್ದರೆ ಅಥವಾ ಸೊಸೈಟಿ ಅನುಮತಿ ಕೊಡದಿದ್ದರೆ ಹಣ ವಾಪಸ್ ಸಿಗುತ್ತದೆಯೇ?
8. ವಾಟರ್‌ಪ್ರೂಫಿಂಗ್‌ಗೆ ಗುತ್ತಿಗೆದಾರರು ಲಿಖಿತ ಗ್ಯಾರಂಟಿ ಕೊಡುತ್ತಾರೆಯೇ?

ಕನಿಷ್ಠ ಮೂರು ಕೊಟೇಶನ್ ಪಡೆಯಿರಿ. ಮಾತಿನ ಭರವಸೆ ಬೇಡ, ಎಲ್ಲವೂ ಬಿಲ್‌ನಲ್ಲಿರಲಿ. ಮುಂದೆ ಗ್ರಾಹಕರ ಆಯೋಗಕ್ಕೆ ಹೋಗಬೇಕಾದರೆ ಬೇಕಾಗುವುದು ಈ ಕಾಗದಗಳೇ.

ಕೊನೆಯದಾಗಿ, ಕ್ರಮ ಹೀಗಿರಲಿ: ಮೊದಲು ಆಡಿಟ್ ವರದಿ, ನಂತರ ಎಂಜಿನಿಯರ್ ಪತ್ರ, ಬಳಿಕ ಸೊಸೈಟಿ ಅನುಮತಿ, ಆಮೇಲೆ ಕೊಟೇಶನ್, ಕಟ್ಟಕಡೆಗೆ ಟಬ್. ಮೊದಲ ಎರಡು ಹೆಜ್ಜೆಗೆ ತಗಲುವುದು ಕೆಲವು ಸಾವಿರ ರೂಪಾಯಿ. ಅಲ್ಲೇ ‘ಬೇಡ’ ಎಂಬ ಉತ್ತರ ಬಂದರೆ ನೀವು ಕಳೆದುಕೊಂಡದ್ದು ಅಷ್ಟೇ, ಉಳಿಸಿಕೊಂಡದ್ದು ಸುಮಾರು ಮೂರು ಲಕ್ಷ.